ನಮ್ಮೂರಿಗೆ ಚಂದ್ರ ಐದು ನಿಮಿಷ ತಡ

ಚಿತ್ರದುರ್ಗಕ್ಕೆ ಚಂದ್ರ ಬೆಂಗಳೂರಿಗಿಂತ ಐದು ನಿಮಿಷ ತಡವಾಗಿ ಬರುತ್ತಾನೆ. ಬಯಲುಸೀಮೆಗೆ ಮಳೆ ತಡ, ಭದ್ರಾ ನೀರು ತಡ, ಈಗ ಚಂದ್ರನೂ ತಡವೇ ಎಂದು ಯಾರೂ ಡಿಸಿ ಆಫೀಸಿನ ಮುಂದೆ ಧರಣಿ ಕೂರಬೇಕಾಗಿಲ್ಲ. ಬೆಂಗಳೂರು ಇರುವುದು 77.6 ಡಿಗ್ರಿ ರೇಖಾಂಶದಲ್ಲಿ, ನಾವಿರುವುದು 76.4ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗುವುದಕ್ಕೆ ನಾಲ್ಕು ನಿಮಿಷ ಬೇಕು. ಗುಣಿಸಿದರೆ ಐದು ನಿಮಿಷಕ್ಕೆ ಚೂರು ಕಡಿಮೆ. ಲೆಕ್ಕವೇನೋ ಇಷ್ಟೇ. ಆದರೆ ಈ ಐದು ನಿಮಿಷವನ್ನು ಪ್ರತಿ ಸಂಕಷ್ಟಿಯ ರಾತ್ರಿ ತಾರಸಿಯ ಮೇಲೆ, ಬೆಳಗಿನಿಂದ ಉಪವಾಸವಿರುವ ಹೆಂಡತಿಯ ಪಕ್ಕದಲ್ಲಿ ನಿಂತು ಕಳೆಯಬೇಕಾದವನು ನಾನು. ಐನ್‌ಸ್ಟೀನನ ಸಾಪೇಕ್ಷತೆ ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ಸರ್ಕಾರ ನನ್ನನ್ನು ನಿವೃತ್ತಿಗೊಳಿಸಿತೇ ಹೊರತು ವಿವರಿಸುವ ಚಟವನ್ನಲ್ಲ. ಎದುರಿಗೆ ಮಕ್ಕಳಿಲ್ಲದಿದ್ದರೆ ಹೆಂಡತಿ, ಹೆಂಡತಿ ಎದ್ದು ಹೋದರೆ ಹಿರಿಯೂರಿನಿಂದ ಬಂದಿರುವ ಅತ್ತೆ, ಅತ್ತೆ ನಿದ್ದೆ ಹೋದರೆ ರಜಕ್ಕೆ ಬಂದ ಮೊಮ್ಮಗ. ಮೂವರೂ ಕೈಗೆ ಸಿಗದ ದಿನ ಹಾಲಿನವನು ಸಿಗುತ್ತಾನೆ. ಅವನು ಈಗೀಗ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡುತ್ತಾನೆ.

ಸಂಕಷ್ಟಿಗೆ ಬರೋಣ. ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ವೇಳೆ ಅಚ್ಚಾಗಿರುವುದು ಬೆಂಗಳೂರಿನದು. ಮಗಳು ಬೆಂಗಳೂರಿನಲ್ಲಿ. ಸರಿಯಾಗಿ ಆ ಹೊತ್ತಿಗೆ ಅವಳ ಫೋನು ಬರುತ್ತದೆ: "ಅಮ್ಮಾ, ಇಲ್ಲಿ ಬಂದ. ನಾನು ಅರ್ಘ್ಯ ಬಿಟ್ಟು ಊಟಕ್ಕೆ ಕೂತೆ. ನಿಂದಾಯ್ತಾ?" ನಮ್ಮಾಕೆ ನನ್ನ ಮುಖ ನೋಡುತ್ತಾಳೆ. ಭೂಮಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಲು ಬಿಟ್ಟವನು ನಾನೇ ಎಂಬ ನೋಟ ಅದು. ಐದು ನಿಮಿಷದ ಮೇಲೆ ಇನ್ನೊಂದು ವಿಘ್ನವಿದೆ: ಮೂಡಣ ದಿಕ್ಕಿನ ಮನೆಯವರ ನೀರಿನ ಟ್ಯಾಂಕು. ನಮ್ಮ ತಾರಸಿಯಿಂದ ನೋಡಿದರೆ ಅದು ಐದು ಡಿಗ್ರಿಯಷ್ಟು ಆಕಾಶವನ್ನು ನುಂಗಿ ಕೂತಿದೆ. ಚಂದ್ರ ಅಷ್ಟು ಮೇಲೇರುವುದಕ್ಕೆ ಇಪ್ಪತ್ತು ನಿಮಿಷ. ನಾನು ಫೋನಿನ ಆ್ಯಪು ತೆಗೆದು, "ನೋಡೇ, ಹುಟ್ಟಿಯಾಗಿದೆ, ಟ್ಯಾಂಕಿನ ಹಿಂದಿದ್ದಾನೆ, ಉಣ್ಣಬಹುದು" ಎಂದೆ.

"ನಿಮ್ಮ ಫೋನಲ್ಲಿ ಹುಟ್ಟಿದ್ರೆ ಫೋನಿಗೇ ಅರ್ಘ್ಯ ಬಿಡ್ಲಾ?" ಎಂದಳು. ಅವಳ ಕೈಯಲ್ಲಿ ನೀರು ತುಂಬಿದ ತಂಬಿಗೆ ಇತ್ತು. ಫೋನನ್ನು ಜೇಬಿಗೆ ಇಳಿಸಿದೆ.

ಹಸಿದವರಿಗೆ ಖಗೋಳ ಹೇಳಬಾರದು ಎಂಬ ನಿಯಮ ಯಾವ ಶಿಕ್ಷಣ ತರಬೇತಿಯಲ್ಲೂ ಇರಲಿಲ್ಲ. ಆದ್ದರಿಂದ ಹೇಳಿದೆ. ಚಂದ್ರ ನಮ್ಮ ಸುತ್ತ ಸುತ್ತುತ್ತಾ ದಿನಕ್ಕೆ ಹದಿಮೂರು ಡಿಗ್ರಿಯಷ್ಟು ಮೂಡಣಕ್ಕೆ ಜರುಗುತ್ತಾನೆ, ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇರುವುದಿಲ್ಲ, ಅವನನ್ನು ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು, ಅದಕ್ಕೇ ದಿನಾ ಸರಾಸರಿ ಐವತ್ತು ನಿಮಿಷ ತಡ. ಹುಣ್ಣಿಮೆಯಂದು ಸೂರ್ಯ ಮುಳುಗುತ್ತಿದ್ದಂತೆ ಹುಟ್ಟಿದವನು ಚೌತಿಯ ಹೊತ್ತಿಗೆ ಒಂಬತ್ತರ ಆಸುಪಾಸು ಮಾಡುತ್ತಾನೆ. ಒಂದು ಸುತ್ತು ಮುಗಿಸಲು 27.3 ದಿನ ಸಾಕು. ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಹೋಗಿರುವುದರಿಂದ ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ ಬೇಕಾಗುತ್ತದೆ.

"ಇದೆಲ್ಲ ಗೊತ್ತಿದ್ದವರು ಸಂಕಷ್ಟೀನ ಹುಣ್ಣಿಮೆ ದಿನಾನೇ ಇಟ್ಟಿದ್ರೆ ಆಗ್ತಿತ್ತು. ಏಳು ಗಂಟೆಗೆಲ್ಲ ಉಂಡು ಮಲಗಬಹುದಿತ್ತು" ಎಂದಳು. ನನ್ನ ಸೇವಾವಧಿಯಲ್ಲಿ ಯಾವ ವಿದ್ಯಾರ್ಥಿಯೂ ಪಾಠದಿಂದ ಇಷ್ಟು ಬೇಗ ಉಪಯುಕ್ತ ತೀರ್ಮಾನಕ್ಕೆ ಬಂದಿರಲಿಲ್ಲ.

ಮೊಮ್ಮಗನದು ಬೇರೆ ತಕರಾರು. ಚಂದ್ರ ಸಣ್ಣಗಾಗುವುದು ಭೂಮಿಯ ನೆರಳು ಬಿದ್ದು ಎಂದು ಅವನಿಗೆ ಯಾರೋ ಹೇಳಿದ್ದರು. ಈ ಮಾತು ಕೇಳಿದರೆ ನನಗೆ ಬಿಪಿ ಏರುತ್ತದೆ. ರಾತ್ರಿ ಊಟದ ಹೊತ್ತು. ತಟ್ಟೆಯಲ್ಲಿ ಬಿಸಿ ರಾಗಿಮುದ್ದೆ, ಪಕ್ಕದಲ್ಲಿ ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಬೆಟ್ಟದ ನೆಲ್ಲಿಕಾಯಿ. ಇಷ್ಟಿದ್ದರೆ ಸೌರವ್ಯೂಹಕ್ಕೆ ಇನ್ನೇನು ಬೇಕು? ಮುದ್ದೆ ಹತ್ತು ಸೆಂಟಿಮೀಟರು ದಪ್ಪವಿದ್ದು ಅದೇ ಭೂಮಿಯಾದರೆ, ಚಂದ್ರ 2.7 ಸೆಂಟಿಮೀಟರು. ನೆಲ್ಲಿಕಾಯಿ ಹೇಳಿ ಮಾಡಿಸಿದ ಅಳತೆ. ದೂರ ಎಷ್ಟು? ಪುಸ್ತಕದ ಚಿತ್ರಗಳಲ್ಲಿ ಚಂದ್ರನನ್ನು ಭೂಮಿಯ ಮೂಗಿನ ತುದಿಗೇ ಬರೆದಿರುತ್ತಾರೆ. ನಿಜವಾದ ದೂರ 3,84,400 ಕಿಲೋಮೀಟರು, ಅಂದರೆ ಮೂವತ್ತು ಭೂಮಿಗಳನ್ನು ಸಾಲಾಗಿ ಜೋಡಿಸಿದಷ್ಟು. ಮುದ್ದೆಯ ಲೆಕ್ಕದಲ್ಲಿ ಮೂರು ಮೀಟರು. ಮೊಮ್ಮಗನ ಕೈಗೆ ನೆಲ್ಲಿಕಾಯಿ ಕೊಟ್ಟು ಅಡುಗೆಮನೆಯಿಂದ ಪಡಸಾಲೆಯ ಹೊಸ್ತಿಲಿಗೆ ಅಟ್ಟಿದೆ.

"ಸೂರ್ಯ ಎಲ್ಲಿ ತಾತ?"

ಸೂರ್ಯ ಹನ್ನೊಂದು ಮೀಟರು ಅಗಲ, ಅಂದರೆ ಮೂರಂತಸ್ತಿನ ಮನೆಯಷ್ಟು, ಮತ್ತು ಹೆಚ್ಚುಕಡಿಮೆ 1.2 ಕಿಲೋಮೀಟರು ಆಚೆ. ನಮ್ಮ ಮನೆಯಿಂದ ಹಿಡಿದರೆ ಕೋಟೆಯ ಹೆಬ್ಬಾಗಿಲ ಹತ್ತಿರ ಇಡಬೇಕಾಗುತ್ತದೆ. ಆ ರಾತ್ರಿ ಅಲ್ಲಿಗೆ ಹೋಗಲು ಯಾರೂ ತಯಾರಿರಲಿಲ್ಲ. ಅತ್ತೆ ಮಾತ್ರ, "ಅಳಿಯಂದ್ರೇ, ಭೂಮಿ ಆರ್ತಾ ಐತೆ" ಎಂದರು. ಭೂಗರ್ಭಶಾಸ್ತ್ರದ ಪ್ರಕಾರ ಅದೂ ನಿಜವೇ.

ಮುದ್ದೆ ನುಂಗಿ ಎರಡನೆಯ ಪ್ರಯೋಗಕ್ಕೆ ಇಳಿದೆ. ಪಡಸಾಲೆಯ ದೀಪಗಳನ್ನೆಲ್ಲ ಆರಿಸಿ ಒಂದು ಮೂಲೆಯಲ್ಲಿ ಬಲ್ಬು ಉರಿಸಿದೆ. ಅದು ಸೂರ್ಯ. ನಡುವೆ ನಿಂತ ನನ್ನ ತಲೆ ಭೂಮಿ. ಚಾಚಿದ ಕೈಯಲ್ಲಿ ನೆಲ್ಲಿಕಾಯಿ. ಬಲ್ಬಿನ ಕಡೆ ಮುಖ ಮಾಡಿದರೆ ಕಾಯಿಯ ಕತ್ತಲ ಮಗ್ಗುಲು ನನಗೆ, ಬೆಳಕಿನ ಮಗ್ಗುಲು ಬಲ್ಬಿಗೆ: ಅಮಾವಾಸ್ಯೆ. ಕಾಲು ಸುತ್ತು ಎಡಕ್ಕೆ ತಿರುಗಿದರೆ ಅರ್ಧ ಬೆಳಕು: ಅಷ್ಟಮಿ. ಬಲ್ಬಿಗೆ ಬೆನ್ನು ಹಾಕಿದರೆ ಪೂರ್ತಿ ಬೆಳಕು: ಹುಣ್ಣಿಮೆ. ಕಾಯಿಯ ಅರ್ಧ ಭಾಗ ಯಾವಾಗಲೂ ಬೆಳಗಿಯೇ ಇರುತ್ತದೆ. ನಮಗೆ ಅದರಲ್ಲಿ ಎಷ್ಟು ಪಾಲು ಕಾಣುತ್ತದೆ ಎನ್ನುವುದಷ್ಟೇ ಪಾಡ್ಯ, ಬಿದಿಗೆ, ತದಿಗೆ. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ನೆರಳಿನ ಸುದ್ದಿಯೇ ಇಲ್ಲ. ಮೊಮ್ಮಗನಿಗೆ ಇದನ್ನು ತೋರಿಸುತ್ತಾ ಹಿಗ್ಗಿನಲ್ಲಿ ಇನ್ನೆರಡು ತಿಂಗಳು ಹೆಚ್ಚಿಗೆ ತಿರುಗಿದೆ. ತಲೆ ಸುತ್ತಿ ಸೋಫಾದ ಮೇಲೆ ಕೂತದ್ದನ್ನು ಅವನು ಪ್ರಯೋಗದ ಭಾಗವೆಂದೇ ತಿಳಿದ.

ಆಮೇಲೆ ಅವನೇ ನೆಲ್ಲಿಕಾಯಿ ಹಿಡಿದು ನನ್ನ ಸುತ್ತ ಬಂದ. ನನ್ನ ಬೆನ್ನ ಹಿಂದೆ ಬರುತ್ತಲೇ ಕಾಯಿ ಕಪ್ಪಾಯಿತು. "ತಾತ, ಹುಣ್ಣಿಮೆ ಬರ್ಲೇ ಇಲ್ಲ. ನಿನ್ನ ತಲೆ ಅಡ್ಡ ಬಂತು!" ನೋಡಿದರೆ ನೆಲ್ಲಿಕಾಯಿಯ ಮೇಲೆ ನನ್ನ ತಲೆಯ ನೆರಳು, ಅಂಚು ಬಹಳ ಸ್ವಚ್ಛವಾಗಿ, ಗುಂಡಗೆ ಬಿದ್ದಿತ್ತು. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ನೆರಳು ಸದಾ ದುಂಡಗಿರುವುದನ್ನು ನೋಡಿಯೇ ಅರಿಸ್ಟಾಟಲ್ ಭೂಮಿ ಗುಂಡಗಿದೆ ಎಂದದ್ದು. ಭೂಮಿಗೆ ಕೂದಲು ಇದ್ದಿದ್ದರೆ ಅವನಿಗೂ ಅನುಮಾನ ಬರುತ್ತಿತ್ತು. ಆ ಮಟ್ಟಿಗೆ ನಾನು ಭೂಮಿಯ ಪಾತ್ರಕ್ಕೆ ತಕ್ಕವನು.

"ಹಂಗಾದ್ರೆ ಪ್ರತಿ ಹುಣ್ಣಿಮೆಗೂ ಗ್ರಹಣ ಆಗಬೇಕಲ್ಲ?" ಎಂದು ಕೇಳಿದ್ದು ಮೊಮ್ಮಗನಲ್ಲ, ಒಗ್ಗರಣೆ ಹಾಕುತ್ತಿದ್ದ ನಮ್ಮಾಕೆ. ಬೆನ್ನು ಇತ್ತ ಇದ್ದರೂ ಕಿವಿ ಇತ್ತಲೇ ಇರುತ್ತದೆ.

ಉತ್ತರಕ್ಕೆ ಮತ್ತೆ ಮುದ್ದೆಯ ಲೆಕ್ಕಕ್ಕೇ ಹೋಗಬೇಕು. ಚಂದ್ರನ ದಾರಿ ಭೂಮಿಯ ದಾರಿಯ ಮಟ್ಟದಲ್ಲೇ ಇಲ್ಲ, ಐದು ಡಿಗ್ರಿಯಷ್ಟು ಓರೆಯಾಗಿದೆ. ಐದು ಡಿಗ್ರಿ ಏನು ಮಹಾ ಅನ್ನಿಸಬಹುದು. ಮೂರು ಮೀಟರು ದೂರದಲ್ಲಿ ಅದು ಒಂದು ಗೇಣಿಗೂ ಮಿಗಿಲು. ಮುದ್ದೆಯ ನೆರಳು ಅಷ್ಟು ದೂರ ಹೋಗುವ ಹೊತ್ತಿಗೆ ಸಣ್ಣಗಾಗಿ ಏಳು ಸೆಂಟಿಮೀಟರು ಅಗಲ ಉಳಿದಿರುತ್ತದೆ. ಏಳು ಸೆಂಟಿಮೀಟರಿನ ನೆರಳು, ಗೇಣುದ್ದ ಮೇಲೆ ಕೆಳಗೆ ಓಡಾಡುವ ನೆಲ್ಲಿಕಾಯಿ. ಬಹುಪಾಲು ಹುಣ್ಣಿಮೆಗಳಲ್ಲಿ ನೆರಳಿನ ಮೇಲೋ ಕೆಳಗೋ ನುಸುಳಿಕೊಂಡು ಹೋಗುತ್ತದೆ. ಎರಡು ದಾರಿಗಳು ಕತ್ತರಿಸುವ ಎರಡು ಜಾಗಗಳಿವೆ. ಅಲ್ಲಿಗೆ ಚಂದ್ರ ಬರುವುದೂ ಹುಣ್ಣಿಮೆ ಆಗುವುದೂ ಕೂಡಿ ಬಂದರೆ ಚಂದ್ರಗ್ರಹಣ, ಅಮಾವಾಸ್ಯೆ ಕೂಡಿ ಬಂದರೆ ಸೂರ್ಯಗ್ರಹಣ.

"ಆ ಎರಡು ಜಾಗಕ್ಕೆ ಹೆಸರಿಲ್ವಾ?" ಎಂದು ಅತ್ತೆ ಕೇಳಿದರು.

ಇಲ್ಲಿ ನಾನು ತುಸು ಕೆಮ್ಮಿದೆ. ಅರ್ಧ ಗಂಟೆ ಮುಂಚೆ ಇದೇ ಅತ್ತೆಗೆ, ರಾಹುವೂ ಇಲ್ಲ ಕೇತುವೂ ಇಲ್ಲ, ಆರ್ಯಭಟ 499ರಲ್ಲೇ ಗ್ರಹಣ ಅಂದರೆ ನೆರಳು ಅಂತ ಬರೆದಿಟ್ಟಿದ್ದಾನೆ ಎಂದು ಗಂಟಲು ಹರಿಯುವಂತೆ ಹೇಳಿ ಮುಗಿಸಿದ್ದೆ. ಈಗ ನೋಡಿದರೆ ನಮ್ಮ ಜ್ಯೋತಿಷ್ಯ ಗಣಿತದಲ್ಲಿ ಆ ಎರಡು ಕೂಡುಜಾಗಗಳಿಗೆ ಇರುವ ಹೆಸರೇ ರಾಹು, ಕೇತು. ಅವು ನಿಂತಲ್ಲಿ ನಿಲ್ಲದೆ ಹಿಂದು ಹಿಂದಕ್ಕೆ ಜರುಗುತ್ತಾ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ವಿಧಿಯಿಲ್ಲದೆ ಹೇಳಿದೆ.

"ನಾನೂ ಅದನ್ನೇ ಅಂದಿದ್ದು" ಎಂದು ಅತ್ತೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

2025ರ ಸೆಪ್ಟೆಂಬರ್ 7, ಭಾನುವಾರ ರಾತ್ರಿಯ ಗ್ರಹಣದಲ್ಲಿ ಈ ಜಗಳ ಇನ್ನೊಂದು ಸುತ್ತು ನಡೆಯಿತು. ಒಂಬತ್ತು ಐವತ್ತೇಳಕ್ಕೆ ಸ್ಪರ್ಶ. ಮನೆಯಲ್ಲಿ ಹಾಲು, ಮೊಸರು, ಉಪ್ಪಿನಕಾಯಿ, ಕುಡಿಯುವ ನೀರು ಎಲ್ಲಕ್ಕೂ ದರ್ಭೆ ಬಿತ್ತು. ನನ್ನ ಬಿಪಿ ಮಾತ್ರೆಯ ಡಬ್ಬಿಯ ಮೇಲೂ ಒಂದು ಎಳೆ. ಊಟ ಮಧ್ಯಾಹ್ನವೇ ಮುಗಿದಿತ್ತು, ಒಲೆ ಆರಿತ್ತು. ವಿಚಾರವಾದಿಯಾದ ನಾನು ಗ್ರಹಣ ಕಾಲದಲ್ಲಿ ಉಣ್ಣುತ್ತೇನೆ ಎಂದು ಘೋಷಿಸಿದೆ. "ಉಣ್ಣಿ" ಎಂದಳು. ಬಡಿಸುವುದಾಗಿ ಯಾರೂ ಹೇಳಲಿಲ್ಲ. ಬಿಸ್ಕತ್ತಿನ ಡಬ್ಬಿ ಎಲ್ಲಿದೆ ಎಂಬ ವೈಜ್ಞಾನಿಕ ಮಾಹಿತಿ ನನ್ನಲ್ಲಿರಲಿಲ್ಲ.

ಅತ್ತೆ ಹಿತ್ತಾಳೆ ತಟ್ಟೆಗೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿದ ಒನಕೆಯನ್ನು ನಡುವೆ ನೆಟ್ಟಗೆ ನಿಲ್ಲಿಸಿದರು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ತಾನೇ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ನಂಬಿಕೆ. ಓಬವ್ವನ ಊರಿನಲ್ಲಿ ಒನಕೆಯ ಬಗ್ಗೆ ಲಘುವಾಗಿ ಮಾತಾಡಲು ಯಾರಿಗೂ ಧೈರ್ಯವಿಲ್ಲ. ಆದರೂ ಹೇಳಿದೆ: ಬುಡ ಸಮವಿದ್ದು ಭಾರದ ಗೆರೆ ಬುಡದೊಳಗೇ ಬಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ, ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾರನೇ ದಿನ ಬೆಳಗ್ಗೆ ನಿಲ್ಲಿಸಿಯೂ ತೋರಿಸಿದೆ. ಜಗ್ಗದೆ ನಿಂತಿತು. ವಿಜಯೋತ್ಸಾಹದಲ್ಲಿ ಎಲ್ಲರನ್ನೂ ಕೂಗಿದೆ. ಅತ್ತೆ ಬಂದು ನೋಡಿ, "ಒನಕೆ ಚೆಂದ ಹಿಡೀತೀರಿ ಅಳಿಯಂದ್ರೇ" ಎಂದು ಒಳಗೆ ಹೋದರು. ನಮ್ಮಾಕೆ ಒಣಮೆಣಸಿನಕಾಯಿ, ಧನಿಯಾ ಹುರಿದು ಒರಳಿಗೆ ಸುರಿದಳು. ಸಿದ್ಧಾಂತ ಸಾಬೀತಾದ ಮಧ್ಯಾಹ್ನ ಇಡೀ ಮನೆ ಸೀನುತ್ತಿತ್ತು.

ಗ್ರಹಣ ಮಾತ್ರ ಚೆನ್ನಾಗಿ ಕಂಡಿತು, ನಡುನಡುವೆ ಮೋಡ ಬಂದು ಹೋದರೂ. ಚಂದ್ರ ಸುಮಾರು ಒಂದು ಗಂಟೆಗೆ ತನ್ನ ಅಗಲದಷ್ಟು ದಾರಿ ಸಾಗುತ್ತಾನೆ. ಹತ್ತಕ್ಕೆ ನೆರಳಿಗೆ ತಗುಲಿದವನು ಹನ್ನೊಂದರ ಹೊತ್ತಿಗೆ ಪೂರ್ತಿ ಒಳಗೆ ಹೋದದ್ದನ್ನು ಗಡಿಯಾರ ಹಿಡಿದೇ ನೋಡಿದೆವು. ಒಳಗೆ ಹೋದ ಮೇಲೆ ಕಪ್ಪಾಗಲಿಲ್ಲ, ಇಟ್ಟಿಗೆಯ ಬಣ್ಣಕ್ಕೆ ತಿರುಗಿದ. ಭೂಮಿಯ ಅಂಚಿನ ಗಾಳಿಯಲ್ಲಿ ಬಾಗಿ ಬಂದ ಬೆಳಕು ಅದು. ನೀಲಿ ದಾರಿಯಲ್ಲೇ ಚದುರಿ ಹೋಗಿ ಕೆಂಪು ಮಾತ್ರ ಅಲ್ಲಿಗೆ ಮುಟ್ಟುತ್ತದೆ. 82 ನಿಮಿಷ ಹಾಗೇ ಇದ್ದ. ಅತ್ತೆ ಗ್ರಹಣ ನೋಡಬಾರದೆಂದು ಒಳಗಿದ್ದರು. ಆದರೆ ಎರಡೆರಡು ನಿಮಿಷಕ್ಕೆ ಕಿಟಕಿಯಿಂದ, "ಈಗೆಷ್ಟು ಆಯ್ತು? ಕೆಂಪಗಾದ್ನಾ?" ಎಂದು ವರದಿ ತರಿಸಿಕೊಳ್ಳುತ್ತಿದ್ದರು. ಮೋಕ್ಷದ ಹೊತ್ತು, ಒಂದೂವರೆಗೆ ಮೂರ್ನಾಲ್ಕು ನಿಮಿಷ ಮುಂಚೆ, ತಲೆಗೆ ಸ್ನಾನ ಮಾಡಲು ಎಲ್ಲರಿಗಿಂತ ಮೊದಲು ತಯಾರಾದವನು ನಾನು. ಸ್ನಾನವಾದವರಿಗೆ ಮಾತ್ರ ಒಲೆ ಹತ್ತುವುದೆಂದು ಆಜ್ಞೆಯಾಗಿತ್ತು.

ಸೂರ್ಯಗ್ರಹಣದ ವಿಷಯದಲ್ಲಿ ನನ್ನ ತರಬೇತಿ ಹಳೆಯದು. 1980ರ ಫೆಬ್ರವರಿ 16, ಶನಿವಾರ ಮಧ್ಯಾಹ್ನ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣ ನೆರಳು ಹಾದುಹೋಯಿತು. ನಮ್ಮ ಹೊಳಲ್ಕೆರೆ ಕಡೆಗೆ ಪೂರ್ತಿ ಬರಲಿಲ್ಲ, ಆದರೂ ಸೂರ್ಯ ಬಹುಪಾಲು ಮುಚ್ಚಿಹೋದ. ಅಪ್ಪ ಬಾಗಿಲು ಕಿಟಕಿ ಭದ್ರಪಡಿಸಿ ನಮ್ಮನ್ನೆಲ್ಲ ನಡುಮನೆಯಲ್ಲಿ ಕೂಡಿದರು. ಹಂಚಿನ ಮನೆ. ಹಂಚಿನ ಸಂದಿಗಳಿಂದ ನೆಲಕ್ಕೆ ಬೀಳುತ್ತಿದ್ದ ದುಂಡು ಬಿಸಿಲಿನ ಬಿಲ್ಲೆಗಳು ನೋಡನೋಡುತ್ತಾ ಕುಡುಗೋಲಿನ ಆಕಾರಕ್ಕೆ ತಿರುಗಿದವು. ಸಗಣಿ ಸಾರಿಸಿದ ನೆಲದ ತುಂಬ ಹತ್ತಾರು ಸೂರ್ಯಗ್ರಹಣ! ಪ್ರತಿ ಸಂದಿಯೂ ಸೂಜಿರಂಧ್ರದ ಕ್ಯಾಮೆರಾ ಎಂದು ಆಮೇಲೆ ಓದಿದೆ. ಕಣ್ಣಿಗೆ ಅಪಾಯವಿಲ್ಲದೆ ಗ್ರಹಣ ನೋಡುವ ಸರಿಯಾದ ವಿಧಾನವನ್ನು, ಗ್ರಹಣ ನೋಡಬಾರದೆಂದು ಹಟ ಹಿಡಿದಿದ್ದ ಅಪ್ಪ ಇಡೀ ಮನೆಗೆ ಒದಗಿಸಿದ್ದರು.

ಅಂದು ತಪ್ಪಿದ್ದನ್ನು ವಸೂಲು ಮಾಡಲು 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕುಟುಂಬವನ್ನೆಲ್ಲ ಕಾಸರಗೋಡಿನ ಬೇಕಲಕ್ಕೆ ಎಳೆದುಕೊಂಡು ಹೋದೆ. ಮಂಗಳೂರಿನಲ್ಲೂ ಕಾಣುತ್ತಿತ್ತು, ಕೊಡಗಿನಲ್ಲೂ ಕಾಣುತ್ತಿತ್ತು. ನನಗೆ ಬೇಕಲವೇ ಆಗಬೇಕಿತ್ತು. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಆ ಕೋಟೆಗೆ 1871ರ ಡಿಸೆಂಬರ್ 12ರ ಪೂರ್ಣಗ್ರಹಣ ನೋಡಲು ಇಂಗ್ಲೆಂಡಿನಿಂದ ನಾರ್ಮನ್ ಲಾಕ್ಯರ್ ಬಂದಿದ್ದ. ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆ ಯಾವುದೋ ಹೊಸ ಧಾತುವಿನದೆಂದು ಹೇಳಿ ಅದಕ್ಕೆ ಹೀಲಿಯಂ ಎಂಬ ಹೆಸರು ಬರಲು ಕಾರಣನಾದವನು. ಆ ಧಾತು ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ. ಇದನ್ನೆಲ್ಲ ದಾರಿಯುದ್ದಕ್ಕೂ ಹೇಳಿದೆ. ಘಾಟಿ ಇಳಿಯುವಾಗ ಇಬ್ಬರು ವಾಂತಿ ಮಾಡಿಕೊಂಡರು. ತಿರುವುಗಳ ದೆಸೆಯಿಂದ ಎಂದೇ ನಾನು ನಂಬಿದ್ದೇನೆ.

ಬೆಳಗ್ಗೆ ಎಂಟು ದಾಟುತ್ತಲೇ ಗ್ರಹಣ ಶುರು. ಒಂಬತ್ತೂಕಾಲು ದಾಟಿದ ಮೇಲೆ ಚಂದ್ರ ಸೂರ್ಯನ ನಡುವೆ ಸರಿಯಾಗಿ ಕೂತ. ಆದರೆ ಮುಚ್ಚಲು ಅಳತೆ ಸಾಲದೆ ಸುತ್ತಲೂ ಬಳೆ ಉಳಿಯಿತು. ಚಂದ್ರ ಕೆಲವೊಮ್ಮೆ 3,63,000 ಕಿಲೋಮೀಟರಿನಷ್ಟು ಹತ್ತಿರ, ಕೆಲವೊಮ್ಮೆ 4,05,000ದಷ್ಟು ದೂರ ಇರುತ್ತಾನೆ. ದೂರವಿದ್ದಾಗ ಚಿಕ್ಕದಾಗಿ ಕಾಣುತ್ತಾನೆ. ಡಿಸೆಂಬರಿನಲ್ಲಿ ಸೂರ್ಯ ನಮಗೆ ಹತ್ತಿರವಿದ್ದು ತುಸು ದೊಡ್ಡದಾಗಿ ಕಾಣುತ್ತಾನೆ. ಗ್ರಹಣದ ಕನ್ನಡಕದೊಳಗಿಂದ ಆ ಬಳೆ ನೋಡುತ್ತಾ ಜೀವನದಲ್ಲಿ ಮೊದಲ ಬಾರಿಗೆ ನಾನು ಮಾತಾಡಲಿಲ್ಲ ಎಂದು ನಮ್ಮಾಕೆ ಈಗಲೂ ಹೇಳುತ್ತಾಳೆ.

ಅಷ್ಟರಲ್ಲಿ ಕೆಳಗೆ ಮರಳಿನ ಮೇಲೆ ಬಿಟ್ಟಿದ್ದ ನನ್ನ ತಮ್ಮನ ಹೊಸ ಚಪ್ಪಲಿಯನ್ನು ಅರಬ್ಬೀ ಸಮುದ್ರ ತೆಗೆದುಕೊಂಡು ಹೋಯಿತು. ಹೊಳಲ್ಕೆರೆಯ ಅಡಿಕೆ ತೋಟದವನು, ನೀರು ತಾನಾಗಿ ಮೇಲೇರಿ ಬರುವುದನ್ನು ಹುಟ್ಟಿದಾಗಿನಿಂದ ನೋಡಿಲ್ಲ. ಬರಿಗಾಲಲ್ಲಿ ನಿಂತಿದ್ದ ಅವನ ಭುಜದ ಮೇಲೆ ಕೈಯಿಟ್ಟು ಸಂತೋಷದಿಂದ ವಿವರಿಸಿದೆ. ಭೂಮಿಯ ಎಲ್ಲ ಭಾಗಕ್ಕೂ ಚಂದ್ರನ ಸೆಳೆತ ಒಂದೇ ಸಮ ಇಲ್ಲ. ಅವನ ಕಡೆಗಿರುವ ನೀರಿಗೆ ಹೆಚ್ಚು, ನಡುವಿನ ನೆಲಕ್ಕೆ ಕಡಿಮೆ, ಆಚೆ ಬದಿಯ ನೀರಿಗೆ ಇನ್ನೂ ಕಡಿಮೆ. ಈ ವ್ಯತ್ಯಾಸಕ್ಕೇ ಎರಡು ಕಡೆಯೂ ಉಬ್ಬು ಏಳುತ್ತದೆ. ಭೂಮಿ ಅದರಡಿ ತಿರುಗುವುದರಿಂದ ಸಾಮಾನ್ಯವಾಗಿ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಉಬ್ಬರ. ಸೂರ್ಯನದೂ ಇದರಲ್ಲಿ ಪಾಲಿದೆ, ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಬ್ಬರೂ ಒಂದೇ ಸಾಲಿಗೆ ಬಂದು ಎಳೆದಾಗ ನೀರು ಹೆಚ್ಚು ಏರುತ್ತದೆ, ಅಷ್ಟಮಿಯ ಹೊತ್ತಿಗೆ ಕಡಿಮೆ. ಸೂರ್ಯಗ್ರಹಣ ಅಮಾವಾಸ್ಯೆಗೆ ಬಿಟ್ಟು ಬೇರೆ ದಿನ ಆಗುವುದೇ ಇಲ್ಲ. ಆದ್ದರಿಂದ ಗ್ರಹಣ ನೋಡಲು ಸಮುದ್ರಕ್ಕೆ ಹೋದವನಿಗೆ ದೊಡ್ಡ ಉಬ್ಬರ ಸಿಗಲೇಬೇಕು. "ನಿನ್ನ ಚಪ್ಪಲಿ ಹೋಗಿದ್ದು ಸಂಪೂರ್ಣ ವೈಜ್ಞಾನಿಕವಾಗಿ" ಎಂದೆ.

"ಅಣ್ಣಾ, ಇದನ್ನ ಚಪ್ಪಲಿ ಬಿಡೋಕ್ಕೆ ಮುಂಚೆ ಹೇಳಿದ್ರೆ ವಿಜ್ಞಾನಕ್ಕೇನು ನಷ್ಟ ಆಗ್ತಿತ್ತಾ?" ಎಂದ.

ತಮ್ಮನ ತಲೆಯಲ್ಲಿ ವಿಷಯ ಕೂತುಬಿಟ್ಟಿತು. ಊರಿಗೆ ಬಂದ ಮೇಲೆ ಅವನ ಪ್ರಶ್ನೆ: ಚಂದ್ರ ಸಮುದ್ರದ ನೀರು ಎತ್ತುತ್ತಾನೆ ಅಂದಮೇಲೆ ನಮ್ಮ ಬೋರಿನ ನೀರು ಎತ್ತೋದಿಲ್ವಾ? ಹೊಳಲ್ಕೆರೆಯ ರೈತನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಅತ್ತೆಯದೂ ಅದೇ ರಾಗ: ನಮ್ಮ ಮಾರಿಕಣಿವೆ ಏನು ಕಮ್ಮಿ ಸಮುದ್ರವಾ? 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಕಥೆ ಕೇಳುತ್ತಲೇ ಬೆಳೆದ ಹಿರಿಯೂರಿನವರು ಅವರು. ಮುಂದಿನ ಕೋಡಿಗೆ 2022ರವರೆಗೆ, ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು. ಆ ದಿನ ಸೀರೆ ಬದಲಾಯಿಸಿಕೊಂಡು ಹೋಗಿ ನೋಡಿ ಬಂದರು. ಅದರ ಬಗ್ಗೆ ಒಂದು ಮಾತು ಹೆಚ್ಚುಕಡಿಮೆ ಆಡುವಂತಿಲ್ಲ.

ಮಾರಿಕಣಿವೆಗೆ ಉಬ್ಬರ ಯಾಕಿಲ್ಲವೆಂದರೆ, ಅದರ ಈ ದಡಕ್ಕೂ ಆ ದಡಕ್ಕೂ ಚಂದ್ರನಿಂದ ಇರುವ ದೂರ ಹೆಚ್ಚುಕಡಿಮೆ ಒಂದೇ. ಸೆಳೆತದಲ್ಲಿ ವ್ಯತ್ಯಾಸವಿಲ್ಲದ ಕಡೆ ಉಬ್ಬರವೆಲ್ಲಿ? ಅಮೆರಿಕದ ಮಹಾಸರೋವರಗಳಲ್ಲೇ ಅದು ಐದು ಸೆಂಟಿಮೀಟರು ದಾಟುವುದಿಲ್ಲ. ನಮ್ಮದರಲ್ಲಿ ಮಿಲಿಮೀಟರಿನ ಲೆಕ್ಕ, ಗಾಳಿ ಬೀಸಿದರೆ ಅಲೆಯಲ್ಲಿ ಮುಚ್ಚಿಹೋಗುತ್ತದೆ. ಮಂಗಳೂರಿನ ಕಡಲಿನಲ್ಲಿ ಒಂದೂವರೆ ಮೀಟರಿನ ಆಸುಪಾಸು ಏರಿಳಿತ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರಿಗೂ ಹೆಚ್ಚು. ಅತ್ತೆಗೆ ಗುಜರಾತಿನ ಮೇಲೆ ಅಸಮಾಧಾನವಾಯಿತು.

ಬೋರಿನ ವಿಷಯ ಹೇಳುವ ಮುಂಚೆ ಕೋಟೆಯ ವಿಷಯ ಹೇಳಬೇಕು. ಚಂದ್ರ ನೀರನ್ನಷ್ಟೇ ಅಲ್ಲ, ನೆಲವನ್ನೂ ಎತ್ತುತ್ತಾನೆ. ಗಟ್ಟಿ ಭೂಮಿಯೇ ದಿನಕ್ಕೆ ಎರಡು ಸಲ ಸುಮಾರು ಒಂದು ಅಡಿ ಮೇಲೆದ್ದು ಕೆಳಗಿಳಿಯುತ್ತದೆ. ಮದಕರಿನಾಯಕನ ಏಳು ಸುತ್ತಿನ ಕೋಟೆ, ಹೈದರಾಲಿ ಹಲವು ಸಲ ಮುತ್ತಿ ಕೊನೆಗೆ 1779ರಲ್ಲಿ ಗೆದ್ದ ಕೋಟೆ, ಆ ಹೆಬ್ಬಂಡೆಗಳು, ಹಿಡಿಂಬೇಶ್ವರನ ಗುಡಿ, ಅಕ್ಕತಂಗಿಯರ ಹೊಂಡ ಎಲ್ಲವೂ ಚಂದ್ರನ ಲೆಕ್ಕಕ್ಕೆ ದಿನಕ್ಕೆ ಎರಡು ಸಲ ಎದ್ದು ಕೂರುತ್ತವೆ. ಅಕ್ಕಪಕ್ಕದ ನೂರಾರು ಕಿಲೋಮೀಟರು ನೆಲವೂ ಜೊತೆಗೇ ಏಳುವುದರಿಂದ ಯಾರಿಗೂ ತಿಳಿಯುವುದಿಲ್ಲ. ಜಿನೀವಾ ಹತ್ತಿರದ 27 ಕಿಲೋಮೀಟರಿನ ಕಣವೇಗವರ್ಧಕದ ಉಂಗುರ ಇದರಿಂದ ಒಂದು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗಿ ವಿಜ್ಞಾನಿಗಳಿಗೆ ತಲೆನೋವು ತಂದಿತ್ತು. "ಅದಕ್ಕೇ ಕೆಲವು ದಿನ ನಂಗೆ ಮೆಟ್ಟಿಲು ಜಾಸ್ತಿ ಎತ್ತರ ಅನ್ಸೋದು" ಎಂದಳು ನಮ್ಮಾಕೆ. ಮಂಡಿ ಡಾಕ್ಟರಿಗೆ ಕೊಟ್ಟ ದುಡ್ಡನ್ನು ಚಂದ್ರನಿಂದ ವಸೂಲು ಮಾಡುವ ದಾರಿ ಗೊತ್ತಿಲ್ಲ.

ಈಗ ಬೋರು. ಬಂಡೆಯ ಕೆಳಗೆ ಬಿಗಿಯಾಗಿ ಸೆರೆಸಿಕ್ಕ ನೀರಿದ್ದರೆ, ಬಂಡೆ ಹಿಗ್ಗಿ ಕುಗ್ಗಿದಾಗ ಬಾವಿಯ ಮಟ್ಟ ಕೆಲವು ಸೆಂಟಿಮೀಟರು ಏರಿಳಿಯುವುದುಂಟು, ಅಳೆದು ನೋಡಿದ್ದಾರೆ. ತಮ್ಮನ ಕಣ್ಣು ಅರಳಿತು. ಎಂಟುನೂರು ಅಡಿ ಕೊರೆಸಿ ಸಾಲ ಮಾಡಿಕೊಂಡವನಿಗೆ ಎರಡು ಇಂಚೂ ಲಾಭವೇ. "ಹಂಗಾದ್ರೆ ಚಂದ್ರ ನೆತ್ತಿಗೆ ಬಂದಾಗ ಮೋಟ್ರು ಆನ್ ಮಾಡ್ಲಾ ಅಣ್ಣಾ?" ಎಂದ. ಇಲ್ಲಿಗೆ ನಿಲ್ಲಿಸಿದ್ದರೆ ಅವನ ಪ್ರೀತಿ ಉಳಿಯುತ್ತಿತ್ತು. ಆದರೆ ಚಂದ್ರ ನೆತ್ತಿಗೆ ಬಂದಾಗ ಬಂಡೆ ಹಿಗ್ಗಿ ಬಿರುಕುಗಳು ಅಗಲವಾಗುವುದರಿಂದ ನೀರಿನ ಮಟ್ಟ ಇಳಿಯುತ್ತದೆಂದು ಸೇರಿಸಿದೆ. ಮೊದಲು ಚಪ್ಪಲಿ, ಈಗ ನೀರು. ಅವನು ಆವತ್ತಿನಿಂದ ಚಂದ್ರನನ್ನೂ ನನ್ನನ್ನೂ ಒಂದೇ ದೃಷ್ಟಿಯಿಂದ ನೋಡುತ್ತಾನೆ.

ಹೊಳಲ್ಕೆರೆ ಎಂದಾಗ ಗಣಪನನ್ನು ಬಿಡುವಂತಿಲ್ಲ. ಅಲ್ಲಿಯ ಆಳೆತ್ತರ ಮೀರಿದ ಗಣಪನಿಗೆ ಬಯಲು ಗಣಪತಿ ಎಂದೇ ಹೆಸರು. ಚೌತಿ ಚಂದ್ರನನ್ನು ನೋಡಬಾರದೆಂದು ಊರೆಲ್ಲ ತಲೆ ತಗ್ಗಿಸಿ ನಡೆಯುವ ದಿನ, ಅವನು ಮಾತ್ರ ಬಯಲಿನ ಹೆಸರು ಹೊತ್ತು ಧೈರ್ಯವಾಗಿ ಕೂತಿರುತ್ತಾನೆ. ನಿಜ ಹೇಳಬೇಕೆಂದರೆ ಶುಕ್ಲಪಕ್ಷದ ಈ ಚೌತಿಯ ಚಂದ್ರನಿಂದ ತಪ್ಪಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ. ಸೂರ್ಯನಿಂದ ಇನ್ನೂ ನಲವತ್ತೆಂಟು ಡಿಗ್ರಿಯೂ ದೂರ ಹೋಗಿರುವುದಿಲ್ಲ, ಒಂಬತ್ತರ ಸುಮಾರಿಗೆ ಮುಳುಗುತ್ತಾನೆ. ನಮ್ಮ ಮನೆಗೆ ಪಡುವಣದಲ್ಲಿ ಗುಡ್ಡ ಇರುವುದರಿಂದ ಇನ್ನೂ ಬೇಗ. ನಾನು ಹಟಕ್ಕೆ ಬಿದ್ದು ತಾರಸಿಗೆ ಹೋಗಿ ನೋಡಿಯೇ ಬಂದೆ. ಸ್ಯಮಂತಕ ಮಣಿ ಕದ್ದನೆಂಬ ಅಪವಾದ ಕೃಷ್ಣನನ್ನೇ ಬಿಡಲಿಲ್ಲ, ನಿಮ್ಮನ್ನು ಬಿಡುತ್ತದಾ ಎಂದು ಅತ್ತೆ ಎಚ್ಚರಿಸಿದರು. ಮರುದಿನ ಬೆಳಗ್ಗೆ ಡಬ್ಬಿಯಲ್ಲಿ ಐದು ಕಡುಬು ಕಡಿಮೆಯಿದ್ದವು, ಆರೋಪ ನನ್ನ ಮೇಲೆ ಬಂತು. ಅಪವಾದ ಎಂದರೆ ಸುಳ್ಳು ಆರೋಪ. ಕಡುಬು ತಿಂದವನು ನಾನೇ ಆಗಿದ್ದರಿಂದ ಚಂದ್ರನ ಮೇಲಿನ ಮೊಕದ್ದಮೆ ಅಲ್ಲಿಗೆ ವಜಾ ಆಯಿತು.

ಹೊಸದುರ್ಗದ ಬೀಗರ ಜೊತೆ ಮಾತ್ರ ನಾನು ಮರ್ಯಾದೆಯಿಂದಲೇ ನಡೆದುಕೊಳ್ಳುತ್ತೇನೆ. ಒಂದು ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಕರೆದುಕೊಂಡು ಹೋಗಿದ್ದರು. ಬಯಲು ರಂಗಮಂದಿರ, ಮೇಲೆ ಅರ್ಧಚಂದ್ರ. ಆ ಬೆಳಗಿದ ಮಗ್ಗುಲು ಮುಳುಗಿದ ಸೂರ್ಯನ ಕಡೆಗೇ ಇದೆ ನೋಡಿ, ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ನಾಟಕ ಅಷ್ಟರಲ್ಲಿ ಮುಗಿಯಬಹುದು ಎಂದು ಪಿಸುಗುಟ್ಟಿದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಬೀಗರು ತಮಗೂ ನನಗೂ ಪರಿಚಯವಿಲ್ಲವೆಂಬಂತೆ ರಂಗದ ಕಡೆ ಕಣ್ಣು ನೆಟ್ಟರು.

ಅದೇ ಬೀಗರ ಮಗನಿಗೆ, ಅಂದರೆ ನಮ್ಮ ಅಳಿಯನಿಗೆ, ಈಗ ಚಂದ್ರನ ದೆಸೆಯಿಂದ ಕೊಡುಗೆ ಸಲ್ಲಬೇಕಾಗಿದೆ. ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕೊರತೆ. ಹಾಗೇ ಬಿಟ್ಟರೆ ಯುಗಾದಿ ಮಳೆಗಾಲಕ್ಕೆ ಬರುತ್ತದೆ, ದೀಪಾವಳಿ ಮಾವಿನ ಕಾಲಕ್ಕೆ. ಅದಕ್ಕೆ ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಒಂದು ತಿಂಗಳು ಸೇರಿಸಿ ಸರಿಮಾಡುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಅಧಿಕ ಮಾಸದಲ್ಲಿ ಅಳಿಯನಿಗೆ ಮೂವತ್ತಮೂರು ಹೋಳಿಗೆ, ಬೆಳ್ಳಿ ಲೋಟ, ಪಂಚೆ ಶಲ್ಯ ಕೊಡುವುದು ಪದ್ಧತಿ. ಇದು ಬರೀ ಲೆಕ್ಕದ ಹೊಂದಾಣಿಕೆ, ಬ್ಯಾಂಕಿನವರು ಮಾರ್ಚಿನಲ್ಲಿ ಮಾಡುವಂಥದ್ದು, ಇದಕ್ಕೆ ಬೆಳ್ಳಿ ಯಾಕೆ ಎಂದು ನಾನು ವಾದಿಸಿದೆ. ಬೆಳ್ಳಿಯ ರೇಟು ಪೇಪರಿನಲ್ಲಿ ನೋಡಿದ್ದರಿಂದ ಆ ದಿನ ನನ್ನ ವೈಜ್ಞಾನಿಕ ಮನೋಭಾವ ಬಹಳ ತೀಕ್ಷ್ಣವಾಗಿತ್ತು.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು.

"ಸರಿ ಬಿಡಿ. ನನಗೂ ನೀವೊಬ್ರೇ ಅಳಿಯ. ಈ ಅಧಿಕಕ್ಕೆ ನಿಮಗೂ ಒಂದು ಬೆಳ್ಳಿ ಲೋಟ ಅಂದ್ಕಂಡು ಅಕ್ಕಸಾಲಿಗೆ ಹೇಳಿದ್ದೆ. ನಿಮ್ಮ ವಿಜ್ಞಾನಕ್ಕೆ ಒಪ್ಪಲ್ಲ ಅಂದ್ರೆ ಬ್ಯಾಡ ಅಂತೀನಿ."

ನಾನು ಸ್ವಲ್ಪ ಹೊತ್ತು ಯೋಚಿಸಿದೆ.

"ಹನ್ನೊಂದು ದಿನ ಕೊರತೆ ಇರೋದಂತೂ ನಿಜ ಅತ್ತೆ" ಎಂದೆ. "ಎಷ್ಟು ತೊಲೆಯದು?"